ಸಚಿನ್ ಶಾಮಿಯಾನದ ಒಂದನೇ ಕಾಲಂ

ಮಂಜುನಾಥಪ್ಪನವರಿಗೆ ಅರವತ್ತೊಂದು ವರ್ಷ. ಆಧಾರ್ ಕಾರ್ಡೊಂದನ್ನು ಬಿಟ್ಟರೆ ಈ ಅರವತ್ತೊಂದು ವರ್ಷದಲ್ಲಿ ಅವರ ಹೆಸರಿನಲ್ಲಿ ಒಂದು ತುಂಡು ಕಾಗದ ಇರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಾನು ನಂಬುತ್ತೇನೆ, ಯಾಕೆಂದರೆ ಆ ಮನೆಯ ಕಾಗದಗಳನ್ನೆಲ್ಲ ಬರೆದವನು ನಾನೇ. ಗದ್ದೆಯ ಪಹಣಿ ಅಣ್ಣನ ಹೆಸರಿಗೆ. ಮನೆ, ಹಿತ್ತಲು, ಅಂಗಡಿಯ ಶೆಡ್ಡು, ಅದರ ಲೈಸೆನ್ಸು ಹೆಂಡತಿ ಕನ್ನಮ್ಮನ ಹೆಸರಿಗೆ. ರೇಷನ್ ಕಾರ್ಡಿಗೆ ಯಜಮಾನಿ ಅವರ ತಾಯಿ ಕೆರಿಯಮ್ಮ. ಗೂಡ್ಸ್ ಆಟೋ ಮಗ ಸಚಿನ್ ಹೆಸರಿಗೆ. ಕರೆಂಟ್ ಬಿಲ್ಲು, ತೀರಿಕೊಂಡು ಹತ್ತೊಂಬತ್ತು ವರ್ಷವಾದ ಅಪ್ಪ ಹುಚ್ಚಪ್ಪನ ಹೆಸರಿಗೆ ಇವತ್ತಿಗೂ ತಪ್ಪದೆ ಬರುತ್ತದೆ. ತಾಳಗುಪ್ಪದಲ್ಲಿ ಇಪ್ಪತ್ತಾರು ವರ್ಷದ ಹಿಂದೆ ಇವರೇ ಕೈಯಾರೆ ಕಟ್ಟಿದ ಶಾಮಿಯಾನ ಮತ್ತು ಪಾತ್ರೆ ಬಾಡಿಗೆ ಅಂಗಡಿಯ ಬೋರ್ಡಿನ ಮೇಲೆ ಇರುವುದು 'ಸಚಿನ್ ಶಾಮಿಯಾನ'. ಆಗ ಸಚಿನ್ ತೊಟ್ಟಿಲಲ್ಲಿದ್ದ. ಇನ್ನು ಆ ಆಧಾರ್ ಕಾರ್ಡು, ಅದರಲ್ಲಿರುವ ಫೋಟೋ ಯಾರದೆಂದು ಅವರ ಮನೆಯವರೇ ಕೇಳುತ್ತಾರೆ.

ನಾನು ಗಣೇಶಮೂರ್ತಿ. ಸಾಗರದ ತಾಲೂಕು ಕಚೇರಿಯ ಎದುರು ಮೂವತ್ತೊಂದು ವರ್ಷದಿಂದ ಅರ್ಜಿ, ಕರಾರು, ಕ್ರಯಪತ್ರ ಬರೆಯುತ್ತಿದ್ದೇನೆ. ಈಗ ಎಲ್ಲವೂ ಕಂಪ್ಯೂಟರಿನಲ್ಲೇ ಆಗುವುದರಿಂದ ನನ್ನ ಹತ್ತಿರ ಬರುವವರು ಕಂಪ್ಯೂಟರಿನ ಕೈಯಲ್ಲಿ ಸೋತು ಬಂದವರು ಮಾತ್ರ. ಅವರಿಗೆ ಒಂದು ಲೋಟ ನೀರು ಕೊಟ್ಟು, ಸರ್ವರಿಗೆ ನಾಲ್ಕು ಬೈದು, ಆಮೇಲೆ ಪೆನ್ನು ತೆಗೆಯುತ್ತೇನೆ. ನನಗೆ ಸಿಟ್ಟು ಜಾಸ್ತಿ ಎಂದು ಜನ ಹೇಳುತ್ತಾರೆ. ಕಾಲಂ ಬಿಟ್ಟು ಬರೆದ ಅರ್ಜಿ ನೋಡಿದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ.

ಮಂಜುನಾಥಪ್ಪನವರಿಗೆ ವೆಬ್‌ಸೈಟಿನ ಹುಚ್ಚು ಹಿಡಿದದ್ದು ತೀರ್ಥಹಳ್ಳಿ ಹತ್ತಿರದ ಮೇಳಿಗೆಯ ಒಂದು ಮದುವೆಯಿಂದ. ಬೆಂಗಳೂರಿನವರು ಅಲ್ಲಿನ ಹೋಮ್‌ಸ್ಟೇಯಲ್ಲಿ ಮದುವೆ ಇಟ್ಟುಕೊಂಡಿದ್ದರು. ಫೋನ್ ಮಾಡಿ, "ನಿಮ್ಮ ವೆಬ್‌ಸೈಟ್ ಲಿಂಕ್ ಕಳಿಸಿ" ಎಂದರು. ಇವರು, "ಲಿಂಕ್ ಎಲ್ಲ ಬ್ಯಾಡ, ನೀವು ತಾಳಗುಪ್ಪ ಸ್ಟೇಷನ್‌ನಾಗೆ ರೈಲು ಇಳೀರಿ. ಮುಂದೆ ಹಳಿನೇ ಇಲ್ಲ, ತಪ್ಪಿಸ್ಕಳ್ಳಕ್ಕೆ ಆಗಲ್ಲ. ಇಳಿದ್ರೆ ನಮ್ಮ ಶೆಡ್ಡೇ ಕಾಣ್ತದೆ" ಎಂದರು. ಆ ಕಡೆಯಿಂದ ಮತ್ತೆ ಫೋನ್ ಬರಲಿಲ್ಲ.

ಆ ಹೋಮ್‌ಸ್ಟೇಗೆ ವೆಬ್‌ಸೈಟ್ ಮಾಡಿಕೊಟ್ಟವಳು ತೀರ್ಥಹಳ್ಳಿಯ ಮೇಘನಾ ಎಂಬ ಹುಡುಗಿ. ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಅವಳ ಆಫೀಸು. ಇವರು ಅವಳಿಗೆ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, "ಅದ್ರಲ್ಲಿ ಓನರ್ ಹೆಸರು ಬರ್ತದಾ?" ಎಂದು.

"ಬರುತ್ತೆ ಅಂಕಲ್. ಮೊದಲನೇ ಪೇಜಲ್ಲೇ ಹಾಕ್ತೀನಿ. ಫೋಟೋನೂ ಹಾಕ್ತೀನಿ."

ಅಲ್ಲಿಗೆ ತೀರ್ಮಾನವಾಯಿತು. ಮಂಜುನಾಥಪ್ಪನವರು ಸಾಗರದ ಸ್ಟುಡಿಯೋದಲ್ಲಿ ಕೋಟು ಹಾಕಿಸಿಕೊಂಡು, ಕೈಕಟ್ಟಿ ನಿಂತು ಫೋಟೋ ತೆಗೆಸಿಕೊಂಡರು. ಅದನ್ನು ನನಗೆ ತಂದು ತೋರಿಸಿದಾಗ ಅವರ ಮುಖ ನೋಡಬೇಕಿತ್ತು. "ಮೂರ್ತಿಯೋರೆ, ಮೊದಲನೇ ಪೇಜಲ್ಲಿ ಹೆಸರು. ಇಡೀ ಪ್ರಪಂಚ ನೋಡ್ಬೋದಂತೆ" ಎಂದರು. ನನಗೆ ನಗು ಬಂತು, ಆದರೆ ನಗಲಿಲ್ಲ. ಆ ಮನುಷ್ಯನಿಗೆ ಜೀವನದಲ್ಲಿ ಬೇಕಾಗಿದ್ದದ್ದು ಅದೊಂದೇ, ಎಲ್ಲಾದರೂ ಒಂದು ಕಡೆ ತನ್ನ ಹೆಸರು.

ಮೇಘನಾ ಕೆಲಸ ಶುರುಮಾಡುವ ಮೊದಲು ಇಪ್ಪತ್ತನಾಲ್ಕು ಪ್ರಶ್ನೆಗಳನ್ನು ವಾಟ್ಸಾಪಿನಲ್ಲಿ ಕಳಿಸಿದಳು. ಬಿಡುವಾದಾಗ ಉತ್ತರ ಹೇಳಿ, ಸೈಟ್ ಹೇಗಿರಬೇಕೆಂದು ನನಗೆ ಅಂದಾಜು ಸಿಗುತ್ತದೆ ಎಂದಳಂತೆ. ಬೇರೆ ಯಾರಾದರೂ ಆಗಿದ್ದರೆ ಸಂಜೆ ಚಾ ಕುಡಿಯುತ್ತ ಉತ್ತರ ಹೇಳಿ ಮುಗಿಸುತ್ತಿದ್ದರು. ಇವರು ಆ ಪ್ರಶ್ನೆಗಳ ಪ್ರಿಂಟು ತೆಗೆಸಿ ಒಯ್ದು ಕೆರಿಯಮ್ಮನಿಗೆ ತೋರಿಸಿದರು.

ಇಲ್ಲಿ ಕೆರಿಯಮ್ಮನ ಬಗ್ಗೆ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಎಂಬತ್ತನಾಲ್ಕರ ಮುದುಕಿ. ಇವರದು ಗೇಣಿ ಒಕ್ಕಲಿನ ಮನೆತನ. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಭೂಸುಧಾರಣೆ ಬಂದಾಗ ಉಳುವವರೆಲ್ಲ ಭೂಮಿ ಕೇಳಿ ಏಳನೇ ನಂಬರ್ ಫಾರಂ, ಅಂದರೆ ಡಿಕ್ಲರೇಷನ್, ಹಾಕಿದರಲ್ಲ, ಹುಚ್ಚಪ್ಪನೂ ಹಾಕಿದ. ಅದರಲ್ಲಿ ಒಂದು ಗದ್ದೆಗೆ ಪಶ್ಚಿಮದ ಗಡಿ ಯಾವುದೆಂಬ ಕಾಲಂ ಖಾಲಿ ಬಿಟ್ಟಿದ್ದ. ಆ ಹದಿನಾಲ್ಕು ಗುಂಟೆ ಹೋಯಿತು. ಉಳಿದದ್ದು ದಕ್ಕಿದ್ದು ಕೆರಿಯಮ್ಮನ ಬಾಯಿಂದ. ಟ್ರಿಬ್ಯುನಲ್ಲಿನ ಅಧ್ಯಕ್ಷರು ಗದ್ದೆಗೆ ನೀರು ಯಾವ ಮೂಲೆಯಿಂದ ಬರುತ್ತದೆ ಎಂದು ಕೇಳಿದರಂತೆ. ಧಣಿ ತಲೆ ಕೆರೆದುಕೊಂಡ. ಕೆರಿಯಮ್ಮ ಮೂಲೆಯನ್ನೂ ಹೇಳಿ, ಅಲ್ಲಿ ಏಡಿ ತೂತು ಮಾಡುವ ಜಾಗವನ್ನೂ ಹೇಳಿದಳಂತೆ. ಅಂದಿನಿಂದ ಅವಳ ದೃಷ್ಟಿಯಲ್ಲಿ ಪ್ರಪಂಚದಲ್ಲಿ ಎರಡು ಜಾತಿ, ಫಾರಂ ತುಂಬಿದವರು ಮತ್ತು ಕಾಲಂ ಬಿಟ್ಟವರು.

ಅವಳು ಮೇಘನಾಳ ಪ್ರಶ್ನೆಗಳನ್ನು ಮಗನಿಂದ ಓದಿಸಿ ಕೇಳಿದಳು. "ಇದು ಡಿಕ್ಲರೇಷನ್ನೇ" ಎಂದು ತೀರ್ಪು ಕೊಟ್ಟಳು. "ಐದು ಪ್ರತಿ ಮಾಡ್ಸು. ಮೂರ್ತಿಯೋರನ್ನ ಕರಿ. ಒಂದೂ ಕಾಲಂ ಬಿಡಂಗಿಲ್ಲ."

ಹೀಗೆ ನಾನು ಸಿಕ್ಕಿಬಿದ್ದೆ. ಇದು ಸರ್ಕಾರಿ ಫಾರಂ ಅಲ್ಲ ಎಂದು ನಾನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಒಬ್ಬರು ಐದು ಪ್ರತಿ ಬರೆಯಿರಿ ಎಂದು ಮನೆಗೆ ಕರೆದಿದ್ದರು. ನಾನೇ ಪ್ರತಿ ಪುಟಕ್ಕೂ ಹತ್ತಿರದಲ್ಲಿದ್ದ ಸ್ಟಾಂಪು ಹಚ್ಚಿದೆ. ಪಾಪದಲ್ಲಿ ನನ್ನ ಪಾಲೂ ಇದೆ.

ಒಂದನೇ ಕಾಲಂ, ವ್ಯವಹಾರದ ಮಾಲೀಕರ ಹೆಸರು. ಮಂಜುನಾಥಪ್ಪನವರು ಕುರ್ಚಿಯ ತುದಿಗೆ ಬಂದು, "ಬರೀರಿ, ಹೆಚ್. ಮಂಜುನಾಥಪ್ಪ" ಎಂದರು.

"ತಡೀರಿ" ಎಂದಳು ಕೆರಿಯಮ್ಮ. "ಹೆಸರು ಕಡೀಗೆ. ಮೊದ್ಲು ವಿಚಾರಣೆ ಆಗ್ಬೇಕು."

ಮಂಜುನಾಥಪ್ಪನವರು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. ನಾನು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಮುಂದಕ್ಕೆ ಹೋದೆ.

ನಿಮ್ಮ ಗ್ರಾಹಕರು ಯಾರು ಎಂಬುದಕ್ಕೆ 'ಮದುವೆಯಾಗುವವರು ಮತ್ತು ಸಾಯುವವರು' ಎಂದು ಬರೆಸಿದರು. ಅವರ ವಯಸ್ಸೆಷ್ಟು ಎಂಬ ಉಪಪ್ರಶ್ನೆಗೆ 'ನಮ್ಮ ಕೈಯಲ್ಲಿಲ್ಲ' ಎಂದು ನಾನೇ ಬರೆದೆ. ನಿಮ್ಮ ವ್ಯವಹಾರವನ್ನು ಮೂರು ಶಬ್ದಗಳಲ್ಲಿ ಹೇಳಿ ಎಂದಿತ್ತು. ಮಂಜುನಾಥಪ್ಪನವರು ಪ್ರಾಮಾಣಿಕತೆ, ಸಮಯಪಾಲನೆ ಎಂದೇನೋ ಶುರುಮಾಡಿದರು. ಕೆರಿಯಮ್ಮ ಅವರನ್ನು ಸುಮ್ಮನಿರಿಸಿ, "ಒಯ್ರಿ, ತೊಳೀರಿ, ತನ್ನಿ" ಎಂದಳು. ಹಾಗೇ ಬರೆದೆ. ಐದು ವರ್ಷದ ನಂತರ ನಿಮ್ಮ ವ್ಯವಹಾರ ಎಲ್ಲಿರುತ್ತದೆ ಎಂಬುದಕ್ಕೆ ತಾಯಿ ಮಗ ಅರ್ಧ ಗಂಟೆ ಚರ್ಚೆ ಮಾಡಿ, 'ಇಲ್ಲೇ ಇರುತ್ತದೆ, ರಸ್ತೆ ಅಗಲ ಮಾಡಿದರೆ ಎರಡು ಮಾರು ಹಿಂದಕ್ಕೆ' ಎಂದು ಬರೆಸಿದರು.

ಬಣ್ಣದ ಪ್ರಶ್ನೆ ಒಂದು ದಿನ ತಿಂದಿತು. ಸೈಟಿಗೆ ಯಾವ ಬಣ್ಣ ಬೇಕು? ಕೇಸರಿ ಎಂದರೆ ಒಂದು ಪಾರ್ಟಿಯವರು ಮದುವೆಗೆ ಕರೆಯುವುದಿಲ್ಲ. ಹಸಿರು ಎಂದರೆ ಇನ್ನೊಬ್ಬರು, ನೀಲಿ ಎಂದರೆ ಮತ್ತೊಬ್ಬರು, ಬಿಳಿ ಎಂದರೆ ತಿಥಿಯವರು ಮಾತ್ರ ಬರುತ್ತಾರೆ. ಕೊನೆಗೆ ಶಾಮಿಯಾನದ ಬಟ್ಟೆಯ ಒಂದು ಅಂಗೈ ಅಗಲದ ತುಂಡನ್ನೇ ಕತ್ತರಿಸಿ ಐದು ಪ್ರತಿಗೂ ಪಿನ್ನು ಮಾಡಿದೆವು. ಅದರಲ್ಲಿ ಏಳು ಬಣ್ಣಗಳಿವೆ, ಯಾರಿಗೂ ಬೇಸರವಿಲ್ಲ.

ಒಂಬತ್ತನೇ ಪ್ರಶ್ನೆ, ನಿಮ್ಮ ಪ್ರತಿಸ್ಪರ್ಧಿಗಳು ಯಾರು? ಕೆರಿಯಮ್ಮ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಜಮೀನಿನ ಪತ್ರದಲ್ಲಿ ನಾಲ್ಕೂ ದಿಕ್ಕಿಗೆ ಯಾರಿದ್ದಾರೆಂದು ಚಕ್ಕುಬಂದಿ ಬರೆಯುತ್ತೇವಲ್ಲ, ಇದು ಅದೇ. ಉತ್ತರಕ್ಕೆ ರೈಲ್ವೆ, ಅವರು ಪಾತ್ರೆ ಬಾಡಿಗೆ ಕೊಡುವುದಿಲ್ಲ. ಪಶ್ಚಿಮಕ್ಕೆ ಘಟ್ಟ. ಪೂರ್ವಕ್ಕೆ ಹೊಸನಗರದ ಕುಮಾರ, ದಕ್ಷಿಣಕ್ಕೆ ತೀರ್ಥಹಳ್ಳಿಯ ಶೇಷಪ್ಪ ಗೌಡರು. ಇಬ್ಬರದೂ ಇದೇ ದಂಧೆ.

"ಗಡಿಯೋರ ಸಹಿ ಇಲ್ದೆ ಯಾವ ಫಾರಂ ನಿಂತೈತೆ?" ಎಂದಳು ಕೆರಿಯಮ್ಮ. ಮರುದಿನ ನಾನೂ ಮಂಜುನಾಥಪ್ಪನವರೂ ಪ್ರತಿಸ್ಪರ್ಧಿಗಳ ಒಪ್ಪಿಗೆ ಪಡೆಯಲು ಬಸ್ಸು ಹತ್ತಿದೆವು.

ಹೊಸನಗರದ ಕುಮಾರ ನನ್ನ ಕೈಯಲ್ಲಿದ್ದ ಸ್ಟಾಂಪ್ ಹಚ್ಚಿದ ಕಾಗದ ನೋಡಿದವನೇ ಪ್ಲಾಸ್ಟಿಕ್ ಕುರ್ಚಿಗಳ ರಾಶಿಯ ಹಿಂದೆ ಹೋದ. ತೆರಿಗೆ ಇಲಾಖೆಯವರು ಎಂದುಕೊಂಡಿದ್ದ. ಇಲ್ಲ ಮಾರಾಯ, ನೀನು ನಮ್ಮ ಪ್ರತಿಸ್ಪರ್ಧಿ ಎಂದು ಒಪ್ಪಿಕೊಂಡು ಸಹಿ ಹಾಕಿದರೆ ಸಾಕು ಎಂದು ಕುರ್ಚಿಗಳಿಗೆ ಹೇಳಬೇಕಾಯಿತು. ಸಂದಿಯಿಂದ ಅವನ ಧ್ವನಿ ಬಂತು.

"ಇದು ಹಾಲಮ್ಮಂಗೆ ಗೊತ್ತಾ?"

ಹಾಲಮ್ಮ ಎಂದರೆ ಮಂಜುನಾಥಪ್ಪನವರ ಶೆಡ್ಡಿನಲ್ಲಿ ಪಾತ್ರೆ ತೊಳೆಯುವ ಹೆಂಗಸು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದಾಳೆ. ನಾನೂ ಎಷ್ಟೋ ಸಲ ನೋಡಿದ್ದೆ, ಆದರೆ ಯಾವಾಗಲೂ ಬೆನ್ನು ಮಾತ್ರ, ಯಾಕೆಂದರೆ ಅವಳು ಯಾವಾಗಲೂ ಕೊಪ್ಪರಿಗೆಯ ಒಳಗೆ ಬಗ್ಗಿರುತ್ತಿದ್ದಳು.

"ಅವಳ್ಗೆ ಯಾಕೆ ಗೊತ್ತಾಗ್ಬೇಕು?" ಎಂದರು ಮಂಜುನಾಥಪ್ಪ.

"ಅವ್ರು ಹೂಂ ಅಂದ್ರೆ ಹಾಕ್ತೀನಿ" ಎಂದು ಕುಮಾರ ಅಲ್ಲಿಂದಲೇ ಫೋನ್ ಹಚ್ಚಿದ. ಹಾಲಮ್ಮ ಹೂಂ ಎಂದಳು. ಕುಮಾರ ಹೊರಗೆ ಬಂದು ಐದೂ ಪ್ರತಿಗೆ ಸಹಿ ಹಾಕಿದ.

ತೀರ್ಥಹಳ್ಳಿಯಲ್ಲಿ ಶೇಷಪ್ಪ ಗೌಡರಿಗೆ ಮಾತ್ರ ಬಹಳ ಸಂತೋಷವಾಯಿತು. ಇಷ್ಟು ದಿನ ಯಾರೂ ಅವರನ್ನು ಪ್ರತಿಸ್ಪರ್ಧಿ ಎಂದು ಕಾಗದದ ಮೇಲೆ ಮರ್ಯಾದೆಯಿಂದ ಕರೆದಿರಲಿಲ್ಲ. ಕಾಫಿ ತರಿಸಿ, ಕನ್ನಡಕ ಹಾಕಿಕೊಂಡು, ಕಾಲಂ ಓದಿ, "ಎಂಥದು ಮಾರಾಯ್ರೆ, ಬರೀ ಹೆಸರು ಬರ್ದಿದೀರಲ್ಲ? ತಾಮ್ರದ ಹಂಡೆಯಲ್ಲಿ ನಾವೇ ಮುಂದೆ ಅಂತ ಬರೀರಿ. ನಮ್ಮತ್ರ ಮುನ್ನೂರು ಇಡ್ಲಿ ಒಟ್ಟಿಗೆ ಬೇಯೋ ಪೆಟ್ಟಿಗೆ ಉಂಟು, ಅದನ್ನೂ ಬರೀರಿ" ಎಂದು ತಮ್ಮ ಅಂಗಡಿಯ ಹೊಗಳಿಕೆಯನ್ನು ಒಂದು ಪುಟ ಬರೆಸಿದರು. ಮಂಜುನಾಥಪ್ಪನವರ ಖರ್ಚಿನಲ್ಲಿ ತಯಾರಾಗುವ ವೆಬ್‌ಸೈಟಿನಲ್ಲಿ ಶೇಷಪ್ಪ ಗೌಡರ ಇಡ್ಲಿ ಪೆಟ್ಟಿಗೆಯ ಗುಣಗಾನ ಸೇರಿತು. ನಾನು ಬಾಯಿ ಮುಚ್ಚಿಕೊಂಡು ಬರೆದೆ. ಸಹಿ ಹಾಕುವಾಗ ಗೌಡರು ಮಂಜುನಾಥಪ್ಪನವರ ಭುಜ ತಟ್ಟಿದರು.

"ನೀವು ಬಿಡಿ, ಒಳ್ಳೆಯವರು. ಆದ್ರೆ ನಿಜವಾದ ಪ್ರತಿಸ್ಪರ್ಧಿ ಅಂದ್ರೆ ಹಾಲಮ್ಮ. ನಮಗೆ ಒಂದು ಕೊಪ್ಪರಿಗೆ ಕಡಿಮೆ ಬಿದ್ರೆ ನಾನು ಫೋನ್ ಮಾಡೋದು ಅವಳಿಗೇ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲೂಕಲ್ಲಿ ಯಾವ ಪಾತ್ರೆ ಯಾರ ಮನೆಯಲ್ಲಿ ಮಗುಚಿಕೊಂಡಿದೆ ಅಂತ ಅವಳಿಗೆ ಬಾಯಿಪಾಠ ಮಾರಾಯ್ರೆ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಂಜುನಾಥಪ್ಪನವರು ಒಂದನೇ ಕಾಲಂನ ಪೆನ್ಸಿಲ್ ಗೆರೆಯನ್ನೇ ಬೆರಳಿನಿಂದ ಸವರುತ್ತ ಕೂತಿದ್ದರು. ಸಹಿ ಸಿಕ್ಕಿತು, ಕೆಲಸ ಆಯಿತು ಎಂದು ನಾನು ಮಾತ್ರ ಬಡಬಡಿಸುತ್ತಿದ್ದೆ.

ಈಗ ಉಳಿದದ್ದು ಒಂದನೇ ಕಾಲಂ. ಭಾನುವಾರ ಬೆಳಿಗ್ಗೆ ವಿಚಾರಣೆ ಎಂದು ಕೆರಿಯಮ್ಮ ಸಾರಿದಳು. ಮಂಜುನಾಥಪ್ಪನವರು ಶೆಡ್ಡಿನ ಮುಂದೆ ತಾವೇ ಶಾಮಿಯಾನ ಹಾಕಿದರು, ನಲವತ್ತು ಕುರ್ಚಿ ಹಾಕಿದರು. ಬಂದವರು ಕೆರಿಯಮ್ಮ, ಕನ್ನಮ್ಮ, ಸಚಿನ್ ಮತ್ತು ನಾನು. ಹಾಲಮ್ಮ ಎಂದಿನಂತೆ ನಲ್ಲಿಯ ಹತ್ತಿರ ಕೊಪ್ಪರಿಗೆಯಲ್ಲಿದ್ದಳು. ಸಚಿನ್ ಶಿಕಾರಿಪುರದ ಕಡೆ ಜೆಸಿಬಿ ಓಡಿಸುತ್ತಾನೆ. ಊರಿಗೆ ಬಂದಾಗಲೆಲ್ಲ ಅವನದು ಒಂದೇ ಮಾತು, ಈ ತಗಡು ಪಾತ್ರೆ ವ್ಯಾಪಾರ ಮುಚ್ಚಿ, ಶೆಡ್ ಖಾಲಿ ಮಾಡಿ, ನಾನು ಜೆಸಿಬಿ ನಿಲ್ಲಿಸ್ತೀನಿ. ಅವತ್ತೂ ಅದನ್ನೇ ಹೇಳಿ, ಹತ್ತನೇ ಸಾಲಿನ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡತೊಡಗಿದ.

ಕೆರಿಯಮ್ಮ ಗಂಟಲು ಸರಿಮಾಡಿಕೊಂಡಳು. "ಮಂಜ, ಮುಂದೆ ಬಾ. ಹೋದ ವಾರ ಹೊಸನಗರದ ಗೃಹಪ್ರವೇಶಕ್ಕೆ ಹೋಗಿತ್ತಲ್ಲ ದೊಡ್ಡ ಕೊಪ್ಪರಿಗೆ, ಅದ್ರ ಯಾವ ಕಿವಿ ಸಡ್ಲ?"

ಮಂಜುನಾಥಪ್ಪನವರು ಸ್ಟುಡಿಯೋದ ಫೋಟೋದಲ್ಲಿ ನಿಂತಂತೆಯೇ ಕೈಕಟ್ಟಿ ನಿಂತಿದ್ದರು. "ಯಾವ ಕಿವಿನೂ ಸಡ್ಲ ಇಲ್ಲ" ಎಂದರು.

"ಎಡಗಿವಿ" ಎಂದಿತು ನಲ್ಲಿಯ ಹತ್ತಿರದ ಕೊಪ್ಪರಿಗೆ. "ಎರಡು ರಿವೆಟ್ ಹೋಗೈತೆ. ಬಲಗಡೆ ಹೆಚ್ಚು ಭಾರ ಹಿಡೀರಿ ಅಂತ ಅಡಿಗೆ ಭಟ್ರಿಗೆ ಹೇಳೇ ಕಳ್ಸಿದ್ದೆ."

"ಬಾಣ್ಲೆಗೆ ಹಿಟ್ಟು ಕಚ್ಕಂಡು ಬಂದ್ರೆ ಎಂತ ಹಾಕಿ ನೆನಸ್ಬೇಕು?" ಎಂದು ಕೆರಿಯಮ್ಮ ಎರಡನೇ ಪ್ರಶ್ನೆ ಹಾಕಿದಳು.

"ಬಿಸಿನೀರು, ಸೋಪು" ಎಂದರು ಮಂಜುನಾಥಪ್ಪ.

"ಬಿಸಿನೀರು ಹಾಕಿದ್ರೆ ಹಿಟ್ಟು ಬೆಂದು ಮತ್ತೂ ಕಚ್ಕಳ್ತದೆ" ಎಂದಳು ಹಾಲಮ್ಮ, ಇನ್ನೂ ಬಗ್ಗಿಯೇ. "ತಣ್ಣೀರು."

ನಾನು ಎಷ್ಟೋ ವಿಚಾರಣೆ ನೋಡಿದ್ದೇನೆ. ಸಾಕ್ಷಿ ಬೆವರುವುದನ್ನು ನೋಡಿದ್ದೇನೆ. ಸ್ವಂತ ಶಾಮಿಯಾನದ ನೆರಳಿನಲ್ಲಿ ನಿಂತು ಹೀಗೆ ಬೆವರಿದವರನ್ನು ನೋಡಿರಲಿಲ್ಲ. ಮೂರನೇ ಪ್ರಶ್ನೆ, ಯಾರ ಮನೆಗೆ ಸೌಟು ಕೊಟ್ಟರೆ ವಾಪಸ್ ಬರುವುದಿಲ್ಲ ಎಂದು. ಇದಕ್ಕೆ ಮಂಜುನಾಥಪ್ಪನವರಿಗೆ ಉತ್ತರ ಗೊತ್ತಿತ್ತು ಎಂದು ನನ್ನ ಅನುಮಾನ, ಯಾಕೆಂದರೆ ಅದು ಅವರ ಅಣ್ಣನ ಮನೆ. ಅವರು ತಲೆ ತಗ್ಗಿಸಿದರು. ಕೊಪ್ಪರಿಗೆಯೊಳಗೆ ನಾರು ಜೋರಾಗಿ ತಿಕ್ಕತೊಡಗಿತು.

"ಶಾಮಿಯಾನ ಕಟ್ಟೋನು ನಾನು" ಎಂದರು ಕೊನೆಗೆ. ಧ್ವನಿ ಸಣ್ಣದಾಗಿತ್ತು. "ಗಾಳಿ ಮಳೇಲಿ ಕಂಬ ಹಿಡ್ಕಂಡು ನಿಂತೋನು ನಾನು ಅಮ್ಮಾ."

ಆಗ ಹಾಲಮ್ಮ ಮೊದಲ ಸಲ ಎದ್ದು ನಿಂತಳು. ಕೈಯಲ್ಲಿ ತೆಂಗಿನ ನಾರು, ಮೊಣಕೈ ತನಕ ಬೂದಿ. "ಅದು ಖರೆ. ಮಂಜಣ್ಣ ನಿಲ್ಸಿದ ಕಂಬ ಇವತ್ತಿನ ತನಕ ಬಿದ್ದಿಲ್ಲ" ಎಂದಳು.

"ಮದುವೆ ಮನೆಯೋರು ಫೋನ್ ಯಾರಿಗೆ ಮಾಡ್ತಾರೆ?" ಎಂದು ಕೇಳಿದಳು ಕೆರಿಯಮ್ಮ. ಉತ್ತರ ಯಾರೂ ಹೇಳಬೇಕಾಗಲಿಲ್ಲ. ಹಾಲಮ್ಮನ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ಅದೇ ಹೊತ್ತಿಗೆ ಬಡಿದುಕೊಂಡಿತು. ಯಾರೋ ಜಾಲರಿ ಸೌಟು ಕೇಳುತ್ತಿದ್ದರು.

ಕೆರಿಯಮ್ಮ ಮಗನನ್ನೇ ನೋಡಿದಳು. "ಅವತ್ತು ಧಣಿ ಉತ್ತರ ಹೇಳ್ಲಿಲ್ಲ, ಗದ್ದೆ ನಮಗೆ ಬಂತು. ಇವತ್ತು ನೀನು ಹೇಳ್ಲಿಲ್ಲ. ನಾ ಎರಡು ನಮೂನೆ ಮಾತಾಡಕ್ಕಾಗಲ್ಲ ಮಗಾ. ಗೇದೋರ ಹೆಸರು ಬರೀಬೇಕು. ಮೂರ್ತಿಯೋರೆ, ಹಾಲಮ್ಮ ಅಂತ ಬರೀರಿ."

ನಾನು ಪೆನ್ನು ಹಿಡಿದು ಮಂಜುನಾಥಪ್ಪನವರ ಮುಖ ನೋಡಿದೆ. ಹಿಂದಿನ ಸಾಲಿನಿಂದ ಸಚಿನ್, "ಅಜ್ಜಿಗೆ ತಲೆ ಕೆಟ್ಟಿದೆ" ಎಂದ. ಹಾಲಮ್ಮನಿಗೆ ಸಿಟ್ಟು ಬಂತು.

"ನಾ ಕೇಳಿದ್ನಾ ದೊಡ್ಡಮ್ಮ? ಈಗ್ಲೇ ಫೋನು ಹಿಡ್ಕಂಡು ಪಾತ್ರೆ ತಿಕ್ತಾ ಇದೀನಿ. ಹೆಸರು ಹಾಕಿದ್ರೆ ಊಟ ಮಾಡಕ್ಕೂ ಬಿಡಲ್ಲ ಜನ" ಎಂದು ನಾರನ್ನು ಬಿಸಾಡಿದಳು. ಆಮೇಲೆ ನನ್ನ ಹತ್ತಿರ ಬಂದು, ಕಾಗದವನ್ನು ಮುಟ್ಟದೆ ದೂರದಿಂದಲೇ ನೋಡಿದಳು.

"ಮೂರ್ತಿಯೋರೆ, ಒಂದು ಮಾತು. ಇದ್ರಾಗೆ ಹೆಸರು ಬರೆದ್ರೆ, ನಾಳೆ ಯಾರಾದ್ರೂ ಬಂದು ಏಳು ಇಲ್ಲಿಂದ ಅಂದ್ರೆ, ಏಳ್ಬೇಕಾಗಲ್ವಾ?"

ಸಚಿನ್ ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಮಂಜುನಾಥಪ್ಪನವರು ಕಟ್ಟಿದ್ದ ಕೈ ಬಿಟ್ಟು, "ಬರೀರಿ" ಎಂದರು. ನಾನು ಐದೂ ಪ್ರತಿಯಲ್ಲಿ ಬರೆದೆ.

ಮರುದಿನ ಫಾರಂ ಸಲ್ಲಿಸಲು ತೀರ್ಥಹಳ್ಳಿಗೆ ಹೋದೆವು. ಮೇಘನಾ ಐದು ಪ್ರತಿ, ಸ್ಟಾಂಪು, ಬಟ್ಟೆಯ ತುಂಡು, ಪ್ರತಿಸ್ಪರ್ಧಿಗಳ ಸಹಿ, ಇಡ್ಲಿ ಪೆಟ್ಟಿಗೆಯ ಪುಟ ಎಲ್ಲವನ್ನೂ ತಿರುವಿಹಾಕಿದಳು. ನಗು ತಡೆಯಲು ಅವಳು ಪಟ್ಟ ಕಷ್ಟ ನನಗೆ ಕಂಡಿತು. ನಾನು ಸ್ವೀಕೃತಿ ಕೊಡಿ, ಸೀಲು ಹಾಕಿ ಎಂದೆ. ಅವಳ ಹತ್ತಿರ ಸೀಲಿರಲಿಲ್ಲ. ಎಂಥಾ ಆಫೀಸು!

"ಅಂಕಲ್, ಇದು ನನಗೆ ಅಂದಾಜು ಸಿಗಲಿ ಅಂತ ಕೇಳಿದ್ದು ಅಷ್ಟೇ. ಸಹಿ ಎಲ್ಲ ಬೇಡವಾಗಿತ್ತು" ಎಂದಳು. "ಓನರ್ ಅಂತ ಯಾರೋ ಹಾಲಮ್ಮ ಅಂತ ಇದೆಯಲ್ಲ. ನೀವೇ ಅಲ್ವಾ ಓನರ್? ಬೇಕಾದ್ರೆ ಈಗ್ಲೇ ಮಂಜುನಾಥಪ್ಪ ಅಂತ ಮಾಡ್ತೀನಿ, ಒಂದು ನಿಮಿಷದ ಕೆಲಸ."

ಮಂಜುನಾಥಪ್ಪನವರ ಜೇಬಿನಲ್ಲಿ ಆ ಕೋಟಿನ ಫೋಟೋ ಇತ್ತು. ನನಗೆ ಗೊತ್ತಿತ್ತು, ಬಸ್ಸಿನಲ್ಲಿ ಎರಡು ಸಲ ತೆಗೆದು ನೋಡಿದ್ದರು. ಕೆರಿಯಮ್ಮ ಅಲ್ಲಿರಲಿಲ್ಲ. ಹಾಲಮ್ಮ ಯಾವ ಕೊಪ್ಪರಿಗೆಯಲ್ಲಿದ್ದಳೋ. ಅವರು ಹೂಂ ಎಂದಿದ್ದರೆ ನಾನು ಯಾರಿಗೂ ಹೇಳುತ್ತಿರಲಿಲ್ಲ, ಇದು ಸತ್ಯ.

"ಯಾವಾಗ ಬೇಕಾದ್ರೂ ಬದಲಾಯಿಸ್ಬೋದಾ?" ಎಂದು ಕೇಳಿದರು.

"ಯಾವಾಗ ಬೇಕಾದ್ರೂ."

"ಯಾರು ಬೇಕಾದ್ರೂ?"

"ಪಾಸ್‌ವರ್ಡ್ ಇದ್ದವರು ಯಾರಾದ್ರೂ, ಅಂಕಲ್. ನಿಮ್ಮ ಮಗನ ಫೋನಲ್ಲೂ ಮಾಡ್ಬಹುದು."

ಅವರ ಮುಖ ಬಿಳಿಚಿಕೊಂಡಿತು. "ಹಂಗೇ ಇರ್ಲಿ, ಹಾಲಮ್ಮ ಅಂತ್ಲೇ ಹಾಕಮ್ಮ" ಎಂದು ಎದ್ದರು. ಫೋಟೋ ಕೊಡಲೇ ಇಲ್ಲ. ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ನನ್ನ ತೋಳು ಹಿಡಿದುಕೊಂಡರು.

"ಮೂರ್ತಿಯೋರೆ, ಇದು ಸುಳ್ಳು ಫಾರಂ ಅಂತ ಅಮ್ಮಂಗೆ ಹೇಳ್ಬೇಡಿ."

"ಹೇಳಲ್ಲ."

"ಬದಲಾಯಿಸಕ್ಕೆ ಆಗದೇ ಇರೋದು ಒಂದು ಬರೀರಿ. ನಿಮ್ಮತ್ರ ಇರ್ತದಲ್ಲ ಅಂಥದು?"

ಮೂವತ್ತೊಂದು ವರ್ಷದಲ್ಲಿ ನನ್ನ ಕಸುಬಿನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಯಾರೂ ಆಡಿರಲಿಲ್ಲ. ಅಂಥದು ಇದೆ ಎಂದೆ.

ಪಾಲುದಾರಿಕೆ ಕರಾರು ಬರೆದೆ, ಛಾಪಾ ಕಾಗದದ ಮೇಲೆ, ಒಂದೂ ಕಾಲಂ ಬಿಡದೆ. ಒಂದನೇ ಪಾರ್ಟಿ ಹಾಲಮ್ಮ, ಎರಡನೇ ಪಾರ್ಟಿ ಹೆಚ್. ಮಂಜುನಾಥಪ್ಪ, ಇಬ್ಬರಿಗೂ ಸಮಪಾಲು. ಲೈಸೆನ್ಸು ಬಿಟ್ಟುಕೊಡಲು ಕನ್ನಮ್ಮ ತಾನಾಗಿಯೇ ಬಂದಳು. ಶೆಡ್ಡಿನ ಜಾಗ ಇವರಿಬ್ಬರೂ ಬದುಕಿರುವ ತನಕ ಇವರ ವ್ಯವಹಾರಕ್ಕೇ ಇರತಕ್ಕದ್ದು ಎಂದು ಬರೆಯಿರಿ, ಸಚಿನ್ ಬೇಕಾದರೆ ಜೆಸಿಬಿಯನ್ನು ರೈಲ್ವೆ ಸ್ಟೇಷನ್ನಿನಲ್ಲಿ ನಿಲ್ಲಿಸಲಿ ಎಂದಳು. ಸ್ಟೇಷನ್ನಿನ ಮಾತನ್ನು ಬಿಟ್ಟು ಉಳಿದದ್ದನ್ನು ಸೇರಿಸಿದೆ. ನೋಂದಣಿಗೂ ಒಂದು ದಿನ ಗೊತ್ತುಮಾಡಿದೆ.

ಆ ದಿನ ನೋಂದಣಿ ಕಚೇರಿಗೆ ಹಾಲಮ್ಮ ಇಸ್ತ್ರಿ ಮಾಡಿದ ಸೀರೆಯಲ್ಲಿ ಬಂದಳು. ಅವಳ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಪೆನ್ನು ತೆಗೆದುಕೊಂಡು ಒಂದೊಂದೇ ಅಕ್ಷರ ಬರೆದು ಸಹಿ ಮುಗಿಸಿ, ಸಂಜೆ ಒಂದು ನಾಮಕರಣಕ್ಕೆ ಪಾತ್ರೆ ಕಳಿಸಬೇಕೆಂದು ಹೊರಟೇಹೋದಳು.

ಮಂಜುನಾಥಪ್ಪನವರು ಮಾತ್ರ ಪೆನ್ನು ಹಿಡಿದುಕೊಂಡು ಕೂತರು. ಎರಡನೇ ಸಾಲಿನ ತಮ್ಮ ಹೆಸರನ್ನು ಬೆರಳಿಟ್ಟು ಓದಿದರು. ಮತ್ತೆ ಓದಿದರು. ಸರದಿಯಲ್ಲಿ ನಿಂತಿದ್ದವರು ಗೊಣಗತೊಡಗಿದರು.

"ಈಗ ಹಾಲಮ್ಮನ್ನ ಯಾರೂ ಏಳು ಅನ್ನಂಗಿಲ್ವಲ್ಲ?" ಎಂದು ಕೇಳಿದರು.

"ಯಾರೂ ಅನ್ನೋ ಹಾಗಿಲ್ಲ" ಎಂದೆ.

ಅವರು ಸುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದರು.

"ನನ್ನೂ?"